ಊರಿನಿಂದ ಬಂದ ಜ್ವರ

ಜ್ವರ ಬಾರದ ಮನೆಯಿಲ್ಲ. ಆದರೆ ಎಲ್ಲ ಜ್ವರಗಳ ಮೂಲವೂ ಒಂದೇ ಅಲ್ಲ. ಬೇಸಗೆಯ ರಜೆಗೆ ಮಲೆನಾಡಿಗೆ ಹೋಗಿಬಂದ ನಮ್ಮ ಮಕ್ಕಳು ಮಲಗಿದರೆ, ಮುಂಬಯಿಯ ವೈದ್ಯರು ಮೊದಲು ಮಲೇರಿಯಾ, ಡೆಂಗ್ಯೂಗಳನ್ನು ಶಂಕಿಸುವುದು ಸಹಜ. ‘ಮಂಗನ ಕಾಯಿಲೆ’ ಅವರ ಲಕ್ಷ್ಯಕ್ಕೆ ಬಾರದೆ ಹೋಗಬಹುದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗರೂ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಇದರ ವೈರಸ್ಸನ್ನು ಗುರುತಿಸಿದರು. ಹೆಸರು ಮಂಗನದಾದರೂ ರೋಗ ನಮಗೆ ತಗಲುವುದು ಹೆಚ್ಚಾಗಿ ಉಣುಗು ಕಚ್ಚುವುದರಿಂದ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡದು. ಆದ್ದರಿಂದ ರೋಗಿಯ ಶುಶ್ರೂಷೆಗೆ ಅಂಜಬೇಕಿಲ್ಲ.

ಡಿಸೆಂಬರಿನಿಂದ ಮೇ ತನಕ ಇದರ ಹಾವಳಿ ಹೆಚ್ಚು. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಜ್ವರ, ತೀವ್ರ ತಲೆನೋವು, ಮೈಕೈನೋವು ಕಾಣುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಬರುವುದೂ ಉಂಟು. ಅಷ್ಟರಲ್ಲಿ ನಾವು ರೈಲು ಹತ್ತಿ ಮರಳಿರುತ್ತೇವೆ. ರೋಗ ತಗಲಿದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಮದ್ದಿಲ್ಲ, ಬೇಗ ಆಸ್ಪತ್ರೆ ಸೇರಿ ಪಡೆಯುವ ಆರೈಕೆಯೇ ಆಧಾರ.

ಕಾಡಂಚಿಗೆ ಹೋಗುವಾಗ ಮೈತುಂಬ ಬಟ್ಟೆ, ಮರಳಿದೊಡನೆ ಬಿಸಿನೀರ ಸ್ನಾನ ಇರಲಿ. ಆ ಮೇಲೂ ಜ್ವರ ಬಂದರೆ, ಎಲ್ಲಿಗೆ, ಯಾವಾಗ ಹೋಗಿದ್ದೆವೆಂಬುದನ್ನು ವೈದ್ಯರು ಕೇಳುವ ಮೊದಲೇ ನಾವು ಹೇಳೋಣ.