ಗುತ್ತಿನ ಮನೆಯ ಮಾಡಿನಲ್ಲಿ ಭೌತವಿಜ್ಞಾನ

ಮಂಗಳೂರಿನ ಬೆಂಗ್ರೆಯಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಫಲ್ಗುಣಿ ನದಿಯ ಆಚೆ ದಡದಲ್ಲಿ ಹಳೆ ಬಂದರು, ತೆಂಗಿನ ಮರಗಳ ನಡುವೆ ಅಲ್ಲಲ್ಲಿ ಕೆಂಪು ಹೆಂಚಿನ ಮಾಡುಗಳು ಕಾಣುತ್ತವೆ. ನದಿ ಹೊತ್ತು ತರುವ ದಪ್ಪ ಕಣಗಳು ಅಳಿವೆಯ ಬಳಿ ತಂಗುತ್ತವೆ. ಅಲೆಗಳು ಅವನ್ನು ಬೆಂಗ್ರೆಯಂಥ ಮರಳು ದಿಣ್ಣೆಗಳಾಗಿ ಒಟ್ಟುತ್ತವೆ. ಸೂಕ್ಷ್ಮ ಕಣಗಳು ನೆರೆಯ ನೀರಿನೊಡನೆ ದಡದ ಬಯಲುಗಳಿಗೆ ಹರಡಿ ಜೇಡಿಮಣ್ಣಾಗುತ್ತವೆ. ನೇತ್ರಾವತಿ ಮತ್ತು ಫಲ್ಗುಣಿಯ ಈ ಜೇಡಿಯೇ ಮಂಗಳೂರು ಹೆಂಚಿನ ಮೂಲದ್ರವ್ಯ. ತುಳುನಾಡಿನ ಗುತ್ತಿನ ಮನೆಗಳ ರೂಪವನ್ನು ಬದಲಿಸಿದ್ದೂ ಇದೇ ಹೆಂಚು.

ಗ್ರಾಮದ ಭೂಮಿ, ನ್ಯಾಯ ತೀರ್ಮಾನ, ದೈವಾರಾಧನೆ ಇವುಗಳಿಗೆ ಹಿಂದೆ ಗುತ್ತಿನ ಮನೆಯೇ ಕೇಂದ್ರವಾಗಿತ್ತು. ಎದುರಿಗೆ ಕೆತ್ತನೆಯ ಮರದ ಕಂಬಗಳ ಚಾವಡಿ, ಒಳಗೆ ದೈವದ ಕೋಣೆ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಮಣ್ಣಿನ ಅಥವಾ ಮುರಕಲ್ಲಿನ ದಪ್ಪ ಗೋಡೆ. ಹಿಂದೆ ಮಾಡಿಗೆ ಮುಳಿಹುಲ್ಲು ಹೊದಿಸುತ್ತಿದ್ದರು. ಅದನ್ನು ಮತ್ತೆ ಮತ್ತೆ ಬದಲಿಸಬೇಕಿತ್ತು, ಬೆಂಕಿಯ ಭಯವೂ ಇತ್ತು.

1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಮಂಗಳೂರು ಹೆಂಚಿನ ತತ್ವವೂ ಅದೇ. ಒಂದು ಹೆಂಚಿನ ಏಣು ಪಕ್ಕದ ಹೆಂಚಿನ ತೋಡಿನ ಮೇಲೆ ಕೂರುತ್ತದೆ. ಕಿರಿದಾದ ಸಂದಿನಲ್ಲಿ ನೀರು ಲೋಮನಾಳ ಕ್ರಿಯೆಯಿಂದ ಒಳಸರಿಯಬಹುದು. ಆದರೆ ಅಗಲವಾದ ತೋಡು ಎದುರಾದೊಡನೆ ಆ ಸೆಳೆತ ಕುಂದಿ, ನೀರು ಗುರುತ್ವದಿಂದ ಕೆಳಗೆ ಹರಿದುಹೋಗುತ್ತದೆ. ಕಡಿದಾದ ಇಳಿಜಾರು ಇದಕ್ಕೆ ನೆರವಾಗುತ್ತದೆ.

ಇನ್ನು ತಂಪಿನ ಮಾತು. ಸುಟ್ಟ ಜೇಡಿಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ಒಂದು ಹೆಂಚು 100 ಗ್ರಾಂ ನೀರು ಹೀರಿದೆ ಎಂದುಕೊಳ್ಳಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಗುಪ್ತೋಷ್ಣ ಬೇಕು. ಅಂದರೆ ಒಟ್ಟು 2,40,000 ಜೂಲ್. ಚದರ ಮೀಟರಿಗೆ ಸುಮಾರು 15 ಹೆಂಚುಗಳು, ಬಿಸಿಲು 800 ವ್ಯಾಟ್ ಎಂದು ಹಿಡಿದರೆ ಒಂದು ಹೆಂಚಿನ ಪಾಲು ಸುಮಾರು 53 ವ್ಯಾಟ್. ಹೆಂಚು ಅಷ್ಟನ್ನೂ ಹೀರಿದರೂ ಆ ನೀರು ಆರಲು 75 ನಿಮಿಷ ಬೇಕು! ಮಳೆ ನಿಂತು ಬಿಸಿಲು ಬಿದ್ದಾಗ ಒಳಗೆ ಸೆಕೆ ಏರದಿರಲು ಇದೊಂದು ಕಾರಣ. ಬೇಸಿಗೆಯಲ್ಲಿ ಹೆಂಚು ಒಣಗಿರುತ್ತದೆ. ಆಗ ಎತ್ತರದ ಮಾಡಿನಡಿಯ ಬಿಸಿ ಗಾಳಿ ಹೆಂಚಿನ ಸಂದುಗಳಿಂದ ಹೊರಹೋಗುತ್ತದೆ. ಕಾಂಕ್ರೀಟ್ ತಾರಸಿಯಾದರೋ ಹಗಲು ಹೀರಿದ ಉಷ್ಣವನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ.

1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಿಗೆ ಭೂಮಿ ದೊರೆಯಿತು. ಅದು ನ್ಯಾಯವೇ. ಆದರೆ ಗೇಣಿಯ ಆದಾಯದಿಂದ ನಡೆಯುತ್ತಿದ್ದ ದೊಡ್ಡ ಮನೆಗಳ ದುರಸ್ತಿಗೆ ಹಣವಿಲ್ಲದಾಯಿತು. ಪಕಾಸು ಕುಂಬಾದರೆ ಮಾಡು ಕುಸಿಯುತ್ತದೆ. ಮಾಡು ಕುಸಿದರೆ ಕೆಲವೇ ಮಳೆಗಾಲಗಳಲ್ಲಿ ಮಣ್ಣಿನ ಗೋಡೆ ಕರಗುತ್ತದೆ.

ಶಿಕ್ಷಕರೇ, ನಿಮ್ಮೂರಿನಲ್ಲಿ ಇಂಥ ಮನೆಯೊಂದು ಉಳಿದಿದ್ದರೆ ಮಕ್ಕಳನ್ನು ಉಷ್ಣಮಾಪಕದೊಂದಿಗೆ ಕರೆದೊಯ್ಯಿರಿ. ಅಲ್ಲಿಯೂ ತಾರಸಿ ಮನೆಯಲ್ಲಿಯೂ ಗಂಟೆಗೊಮ್ಮೆ ತಾಪ ಗುರುತಿಸಲಿ. ಒಣ ಹೆಂಚನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಲಿ. ಮೇಲಿನ ಲೆಕ್ಕದ 100 ಗ್ರಾಂ ಬದಲಿಗೆ ಅವರದೇ ಅಳತೆ ಬರಲಿ. ಮನೆ ಬಿದ್ದ ಮೇಲೆ ಈ ಪ್ರಯೋಗ ಸಾಧ್ಯವಿಲ್ಲ.