ರೈತನ ಮಗಳ ಕಂಚಿನ ಪದಕ

“ಹುಡುಗಿಗೆ ಕುಸ್ತಿ ಯಾಕೆ? ಕೈಕಾಲು ಮುರಿದರೆ ಯಾರು ಮದುವೆಯಾಗ್ತಾರೆ?” ಪಾಣೆಮಂಗಳೂರಿನ ನಮ್ಮ ಮನೆಗಳಲ್ಲೂ ಈ ಮಾತು ಉಂಟು. ಹೀಗೆ ಕೇಳುವವರಿಗೆ ಮಲಪ್ರಭಾ ಜಾಧವ್ ಕತೆ ಹೇಳಬೇಕು.

ಬೆಳಗಾವಿ ಹತ್ತಿರದ ತುರಮುರಿಯ ರೈತನ ಮಗಳು ಈಕೆ. ಕಲಿತದ್ದು ಜೂಡೋ, ಹೆಸರು ತಂದದ್ದು ಕುರಾಶ್. ಕುರಾಶ್ ಅಂದರೆ ಉಜ್ಬೇಕಿಸ್ತಾನದ ಹಳೆಯ ಕುಸ್ತಿ. ನಿಂತೇ ಸೆಣಸಬೇಕು, ಸೊಂಟದಿಂದ ಕೆಳಗೆ ಹಿಡಿಯುವ ಹಾಗಿಲ್ಲ. ಬರೀ ಬಲ ಸಾಲದು. ಸಮಯ ನೋಡಿ ಬೀಳಿಸುವ ಜಾಣತನ ಬೇಕು.

2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಈ ಆಟ ಮೊದಲ ಸಲ ಸೇರಿತು. ನಮ್ಮಲ್ಲಿ ಎಷ್ಟೋ ಮಂದಿ ಅದರ ಹೆಸರನ್ನೇ ಕೇಳಿರಲಿಲ್ಲ! ಮಲಪ್ರಭಾ 52 ಕಿಲೋ ವಿಭಾಗದಲ್ಲಿ ಸೆಮಿಫೈನಲ್ ತನಕ ಹೋದರು. ಅಲ್ಲಿ ಎದುರಾದವಳು ಉಜ್ಬೇಕಿಸ್ತಾನದವಳೇ, ಆಟ ಹುಟ್ಟಿದ ನಾಡಿನವಳು. ಸೋತರೂ ಕಂಚು ಕೈಸೇರಿತು. ಅದೇ ವಿಭಾಗದಲ್ಲಿ ದೆಹಲಿಯ ಪಿಂಕಿ ಬಲ್ಹಾರಾ ಬೆಳ್ಳಿ ತಂದರು.

ಇನ್ನು ಕೈಕಾಲಿನ ಮಾತು. ಜೂಡೋದಲ್ಲಿ ಮೊದಲು ಕಲಿಸುವುದೇ ಪೆಟ್ಟಾಗದ ಹಾಗೆ ಬೀಳುವುದನ್ನು. ಮಗಳು ಆಸೆಪಟ್ಟು ಕೇಳಿದರೆ ಒಮ್ಮೆಲೇ ಬೇಡ ಅನ್ನಬೇಡಿ. ಕಲಿಸುವವರು ಯಾರು, ಕೆಳಗೆ ದಪ್ಪ ಚಾಪೆ ಉಂಟೋ ಎಂದು ನೀವೇ ಹೋಗಿ ನೋಡಿ ಬನ್ನಿ. ಆಮೇಲೆ ತೀರ್ಮಾನಿಸಿದರಾಯಿತು, ಅಲ್ಲವೇ ಸೋದರಿಯರೇ?