ಮನೆಮಂದಿಯ ಚಾಟರಬಿಲ್ಲು: ಗುರಿಯೂ ದಯೆಯೂ

ಮನೆಯ ಹಿರಿಯರೂ ಕಿರಿಯರೂ ಒಂದೆಡೆ ಕೂಡಿ ಆಡುವ ಆಟಗಳು ಇಂದು ವಿರಳವಾಗುತ್ತಿವೆ. ಚೌಕಾಬಾರದ ಮಣೆ, ಅಳಗುಳಿಮಣೆಗಳು ಅಟ್ಟ ಸೇರಿವೆ. ಮಗ ಒಂದು ಮೂಲೆಯಲ್ಲಿ, ಮಗಳು ಇನ್ನೊಂದು ಮೂಲೆಯಲ್ಲಿ ಮೊಬೈಲಿನ ಬೆಳಕಿಗೆ ಮುಖವೊಡ್ಡಿ ಕುಳಿತಿರುವಾಗ, ಈ ಮಕ್ಕಳನ್ನು ಅಂಗಳಕ್ಕೆ ಕರೆತರುವ ಬಗೆ ಯಾವುದೆಂದು ತಂದೆತಾಯಿಗಳು ಚಿಂತಿಸುತ್ತಾರೆ. ಹೆಚ್ಚು ಖರ್ಚಿಲ್ಲದ, ಹತ್ತು ವರ್ಷದ ಬಾಲಕಿಯೂ ಅರವತ್ತು ವರ್ಷದ ಅಜ್ಜನೂ ಸಮಜೋಡಿಯಾಗಿ ಆಡಬಹುದಾದ ಒಂದು ಹವ್ಯಾಸವನ್ನು ನಾವು ಇಲ್ಲಿ ಓದುಗ ಬಂಧುಗಳ ಮುಂದಿಡಬಯಸುತ್ತೇವೆ. ಅದು ಚಾಟರಬಿಲ್ಲಿನಿಂದ ಗುರಿ ಹೊಡೆಯುವ ಆಟ.

ಹೆಸರು ಕೇಳಿದೊಡನೆ ಅನೇಕ ಗೃಹಿಣಿಯರ ಹುಬ್ಬು ಗಂಟಿಕ್ಕುವುದು ಸಹಜ. ಹಕ್ಕಿಗೆ ಹೊಡೆದ, ಪಕ್ಕದ ಮನೆಯ ಗಾಜು ಒಡೆದ, ಗೆಳೆಯನ ಹಣೆಗೆ ಗಾಯ ಮಾಡಿದ ತುಂಟ ಹುಡುಗರ ಸಾಧನವೆಂದೇ ಅದು ನಮ್ಮ ಹಳ್ಳಿಗಳಲ್ಲಿ ಹೆಸರಾಗಿದೆ. ಸಕಲ ಜೀವಿಗಳಲ್ಲಿ ಕರುಣೆಯಿಡಬೇಕೆಂಬ ಶರಣರ ಮಾತನ್ನು ನಂಬಿದ ಮನೆಯಲ್ಲಿ ಇಂಥ ವಸ್ತುವಿಗೆ ಎಡೆಯುಂಟೇ ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣವಾಯಿತು.

ಕವಣೆಯಿಂದ ಚಾಟರಬಿಲ್ಲಿಗೆ

ಕವಣೆ ಬಹು ಪ್ರಾಚೀನವಾದುದು. ಹೆಣೆದ ಹುರಿಯ ನಡುವಿನ ಬಟ್ಟಲಿನಲ್ಲಿ ಕಲ್ಲಿಟ್ಟು, ತಲೆಯ ಸುತ್ತ ಬೀಸಿ, ಹುರಿಯ ಒಂದು ತುದಿಯನ್ನು ಬಿಟ್ಟರೆ ಕಲ್ಲು ಹಾರುತ್ತದೆ. ಜೋಳದ ತೆನೆ ಹಾಲು ತುಂಬುವ ಕಾಲಕ್ಕೆ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿಗಳನ್ನು ಎಬ್ಬಿಸುವುದು ನಮ್ಮ ನಾಡಿನ ಬೇಸಾಯದ ಒಂದು ಅಂಗವೇ ಆಗಿತ್ತು. ಅಲ್ಲಿಯೂ ಹಕ್ಕಿಯನ್ನು ಕೊಲ್ಲುವುದಕ್ಕಿಂತ ಅದನ್ನು ಹೊಲದಿಂದ ಅಟ್ಟುವುದೇ ರೈತನ ಉದ್ದೇಶವಾಗಿತ್ತು.

ಚಾಟರಬಿಲ್ಲು ಅಷ್ಟು ಹಳೆಯದಲ್ಲ. ಅದಕ್ಕೆ ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವ ಗಟ್ಟಿ ರಬ್ಬರು ಬೇಕು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಹದಗೊಳಿಸುವ ಬಗೆಯನ್ನು 1839ರಲ್ಲಿ ಕಂಡುಕೊಂಡು 1844ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ರೂಪಿಸಿದನು. ಸೈಕಲ್ಲು ಹಳ್ಳಿಗಳನ್ನು ಮುಟ್ಟಿದಾಗ, ಅದರ ಹಳೆಯ ಟ್ಯೂಬು ಹುಡುಗರ ಕೈಯಲ್ಲಿ ಬಿಲ್ಲಾಯಿತು. ಕೆಲವೆಡೆ ಕ್ಯಾಟರ್‌ಬಿಲ್ಲು, ಕೆಲವೆಡೆ ಚಾಟಿಬಿಲ್ಲು, ರಬ್ಬರುಬಿಲ್ಲು ಎಂದು ಕರೆದರೂ ವಸ್ತು ಒಂದೇ. ಇಂದು ಇಟಲಿ, ಸ್ಪೇನ್, ಚೀನಾ ಮುಂತಾದ ದೇಶಗಳಲ್ಲಿ ಇದಕ್ಕೆ ಸಂಘಗಳಿವೆ, ಸ್ಪರ್ಧೆಗಳಿವೆ. ಅಲ್ಲಿ ಗುರಿಯಾಗಿ ಇರುವುದು ತೂಗುಬಿಟ್ಟ ತಗಡಿನ ಬಿಲ್ಲೆ, ಕಾಗದದ ವೃತ್ತಗಳು.

ಒಂದು ಗುಬ್ಬಿ, ಒಬ್ಬ ಬಾಲಕ

ಹಕ್ಕಿಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಿಟ್ಟ ಡಾ. ಸಲೀಂ ಅಲಿ (1896–1987) ಅವರ ಬಾಲ್ಯದ ಪ್ರಸಂಗವೊಂದು ಇಲ್ಲಿ ಸ್ಮರಣೀಯ. ಅವರು ಬಾಲಕರಾಗಿದ್ದಾಗ ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದುರುಳಿಸಿದರು. ಕೈಗೆತ್ತಿಕೊಂಡು ನೋಡಿದರೆ ಅದರ ಕೊರಳಲ್ಲಿ ಹಳದಿಯ ಗುರುತು! ಇದಾವ ಹಕ್ಕಿಯೆಂದು ಕೇಳಲು ಅವರ ಸೋದರಮಾವ ಅವರನ್ನು ಮುಂಬಯಿಯ ನಿಸರ್ಗ ಚರಿತ್ರೆಯ ಸಂಘಕ್ಕೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲರ್ಡ್ ಅವರು ಸಂಗ್ರಹದಲ್ಲಿದ್ದ ಬಗೆಬಗೆಯ ಹಕ್ಕಿಗಳನ್ನು ತೆಗೆದು ತೋರಿಸಿದರು. ಬಾಲಕನ ಕಣ್ಣು ತೆರೆಯಿತು. ಮುಂದೆ ಅವರು ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ನಡೆಸಿದರು. ತಮ್ಮ ಆತ್ಮಕಥೆಗೆ ಆ ಗುಬ್ಬಿಯ ಪತನವನ್ನೇ ಹೆಸರಾಗಿ ಇಟ್ಟರು.

ಅಂದು ಆ ಹುಡುಗನಿಗೆ ತಿಳಿಹೇಳುವ ಹಿರಿಯರು ದೊರೆತರು. ಎಲ್ಲ ಹುಡುಗರಿಗೂ ಆ ಭಾಗ್ಯವಿರುವುದಿಲ್ಲ. ಹಿರಿಯರು ಜೊತೆಯಲ್ಲಿಲ್ಲದೆ, ಕದ್ದುಮುಚ್ಚಿ ಬಿಲ್ಲು ಹಿಡಿದ ಹುಡುಗನ ಕಣ್ಣು ಮೊದಲು ಹೊರಳುವುದು ಬೆಳವನ ಕಡೆಗೆ, ಅಳಿಲಿನ ಕಡೆಗೆ, ಬೇಲಿಯ ಓತಿಕ್ಯಾತದ ಕಡೆಗೆ. ಆಟವನ್ನು ನಿಷೇಧಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ; ಮರೆಗೆ ಸರಿಯುತ್ತದೆ. ಮನೆಮಂದಿಯೆಲ್ಲ ಕೂಡಿ, ಕಣ್ಣೆದುರಿನಲ್ಲಿ, ಕಟ್ಟುಪಾಡಿನೊಡನೆ ಆಡಿದಾಗ ಅದೇ ಬಿಲ್ಲು ಸಂಯಮದ ಪಾಠವಾಗಬಲ್ಲುದು.

ಕಲ್ಲೇ ಹೂವಾದ ಬಗೆ

ಅರವತ್ತಮೂವರು ಪುರಾತನರಲ್ಲಿ ಸಾಂಖ್ಯತೊಂಡರ ಚರಿತ್ರೆ ನಮ್ಮ ಮನೆಗಳಿಗೆ ಪರಿಚಿತವೇ ಆಗಿದೆ. ತಮಿಳುನಾಡಿನಲ್ಲಿ ಅವರನ್ನು ಶಾಕ್ಯ ನಾಯನಾರ್ ಎಂದು ಪೂಜಿಸುತ್ತಾರೆ. ಅವರು ದಿನವೂ ಲಿಂಗಕ್ಕೆ ಒಂದು ಕಲ್ಲನ್ನು ಎಸೆಯದೆ ಉಣ್ಣುತ್ತಿರಲಿಲ್ಲವೆಂದೂ, ಆ ಕಲ್ಲನ್ನೇ ಪುಷ್ಪವೆಂದು ಶಿವನು ಕೈಕೊಂಡನೆಂದೂ ಪುರಾಣ ಹೇಳುತ್ತದೆ. ಕಲ್ಲು ಕಲ್ಲೇ, ಅದನ್ನು ಹೂವಾಗಿಸಿದುದು ಎಸೆದವರ ಭಾವ. ಅದೇ ಕಲ್ಲನ್ನು ಬಡಪ್ರಾಣಿಯತ್ತ ಎಸೆದರೆ ಅದು ಪಾಪವಾಗುತ್ತದೆ.

ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸುವ ಅಭ್ಯಾಸವುಳ್ಳ ಮನೆಗಳಿಗೆ ಏಕಾಗ್ರತೆ ಹೊಸ ಮಾತೇನಲ್ಲ. ಆಟವನ್ನು ಪೂಜೆಗೆ ಸರಿಗಟ್ಟುವುದು ನಮ್ಮ ಉದ್ದೇಶವಲ್ಲ. ಆದರೆ ಅಲೆಯುವ ಕಣ್ಣನ್ನು ಒಂದೆಡೆ ನಿಲ್ಲಿಸುವುದು, ಉಸಿರನ್ನು ಹದಗೊಳಿಸುವುದು, ಅವಸರವನ್ನು ಬಿಡುವುದು ಎಲ್ಲಿ ಕಲಿತರೂ ಒಳಿತೇ.

ಶಿವಗಂಗೆಯ ಬೆಟ್ಟ ಆಟದ ಬಯಲಲ್ಲ

ಈಗ ನಮ್ಮ ಕ್ಷೇತ್ರದ ಮಾತಿಗೆ ಬರೋಣ. ನೆಲಮಂಗಲ ತಾಲ್ಲೂಕಿನ ಶಿವಗಂಗೆ ದಕ್ಷಿಣಕಾಶಿಯೆಂದು ಪ್ರಸಿದ್ಧವಾದುದು. ಗಂಗಾಧರೇಶ್ವರ, ಹೊನ್ನಾದೇವಿಯರ ಸನ್ನಿಧಿ, ಪಾತಾಳಗಂಗೆ, ಒಳಕಲ್ಲು ತೀರ್ಥ, ನೆತ್ತಿಯ ನಂದಿಗಳ ದರ್ಶನಕ್ಕೆ ಸಾವಿರಾರು ಭಕ್ತರು ಬರುತ್ತಾರೆ. ಮೇಲಣಗವಿ ಮಠವೂ ಇಲ್ಲಿಯೇ ಇದೆ. ಬೆಟ್ಟವೇರುವವರಿಗೆ ಮೊದಲು ಎದುರಾಗುವವು ಕೋತಿಗಳು. ಕೈಯ ಬಾಳೆಹಣ್ಣು, ಹೂವಿನ ಬುಟ್ಟಿ, ನೀರಿನ ಸೀಸೆಗಳನ್ನು ಅವು ಕಸಿಯುವುದುಂಟು. ಆಗ ಎಳೆಯರ ಕೈ ಕಲ್ಲಿಗೂ ಬಿಲ್ಲಿಗೂ ಚಾಚುತ್ತದೆ.

ಬಿಲ್ಲನ್ನು ಬೆಟ್ಟಕ್ಕೆ ಒಯ್ಯಲೇಬಾರದೆಂದು ನಾವು ಒತ್ತಿ ಹೇಳುತ್ತೇವೆ. ಇದಕ್ಕೆ ಮೂರು ಕಾರಣಗಳಿವೆ. ಕೋತಿಗಳು ಕಸಿಯುವುದನ್ನು ಕಲಿತದ್ದು ನಾವು ಉಣಿಸಿ ರೂಢಿ ಮಾಡಿಸಿದ್ದರಿಂದ. ತಿಂಡಿಯನ್ನು ಮುಚ್ಚಿದ ಚೀಲದಲ್ಲಿಟ್ಟು ಸುಮ್ಮನೆ ನಡೆದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಎರಡನೆಯದಾಗಿ, ಇಂಥ ಬಂಡೆಬೆಟ್ಟಗಳ ಕಡಿದಾದ ಮೈಯಲ್ಲಿ ಹೆಜ್ಜೇನು ಗೂಡು ಕಟ್ಟುವುದುಂಟು. ಒಂದು ಕಲ್ಲು ಅದಕ್ಕೆ ತಾಗಿದರೆ, ಇಕ್ಕಟ್ಟಾದ ಮೆಟ್ಟಿಲುಗಳ ಮೇಲಿರುವ ಯಾತ್ರಿಕರು ಓಡುವುದೆಲ್ಲಿಗೆ? ಮೂರನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂಬ ಮಾತಿಗೆ ಕೊಲ್ಲುವುದನ್ನಷ್ಟೇ ಅಲ್ಲದೆ ಗಾಯಗೊಳಿಸುವುದನ್ನೂ, ಗೂಡು ಮೊಟ್ಟೆಗಳನ್ನು ಕೆಡಿಸುವುದನ್ನೂ ಸೇರಿಸಿದೆ.

ಆಟಕ್ಕೆ ತಕ್ಕ ಎಡೆ ಕೆಳಗಿನ ಹಳ್ಳಿಗಳಲ್ಲಿಯೇ ಇದೆ. ಸಂಕ್ರಾಂತಿಯ ಗಿರಿಜಾಕಲ್ಯಾಣ ಮುಗಿದು, ರಾಗಿಯ ಒಕ್ಕಣೆಯೂ ಮುಗಿದ ಮೇಲೆ ಕಣಗಳು ಬರಿದಾಗಿರುತ್ತವೆ. ಆದರೆ ಈ ಸೀಮೆಯೆಲ್ಲ ಕಲ್ಲುಬಂಡೆಯ ಸೀಮೆ. ಬಂಡೆಗೆ ಎದುರಾಗಿ ಎಂದೂ ಹೊಡೆಯಬಾರದು. ಗುಂಡು ಪುಟಿದು ಹೊಡೆದವರ ಕಡೆಗೇ ಮರಳುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬವಿರಬೇಕು, ಇಲ್ಲವೆ ಬಟ್ಟೆಯ ತೆರೆಯಿರಬೇಕು. ಶಿವಗಂಗೆಯ ಬೆಟ್ಟ ಪೂರ್ವದಿಂದ ನಂದಿಯಂತೆ, ಪಶ್ಚಿಮದಿಂದ ಗಣಪನಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ತೋರುವುದೆಂದು ಹಿರಿಯರು ಹೇಳುತ್ತಾರೆ. ನಿಂತ ಎಡೆ ಬದಲಾದರೆ ಕಾಣುವುದೂ ಬದಲಾಗುತ್ತದೆ. ಹಾಗೆಯೇ ಹೊಡೆಯುವ ಮುನ್ನ ಗುರಿಯ ನಾಲ್ಕು ದಿಕ್ಕಿಗೂ ಒಮ್ಮೆ ನಡೆದು ನೋಡಬೇಕು. ಮುಂದಿನಿಂದ ಬರಿಯ ಪೊದೆಯೆಂದು ತೋರಿದುದರ ಹಿಂದೆ ಕುರಿ ಮೇಯಿಸುವ ಮಗು ಕುಳಿತಿರಬಹುದು.

ಮನೆಯಲ್ಲಿಯೇ ಮಾಡುವ ಬಿಲ್ಲು

ಸೀಬೆ ಅಥವಾ ಹುಣಸೆಯ ಕೊಂಬೆಗಳನ್ನು ಸವರುವ ಕಾಲದಲ್ಲಿ ಸಮನಾಗಿ ಕವಲೊಡೆದ ಒಂದು ತುಂಡನ್ನು ಆರಿಸಿಕೊಳ್ಳಬೇಕು. ಇದಕ್ಕಾಗಿಯೇ ಮರ ಕಡಿಯಬೇಕಾಗಿಲ್ಲ. ಹಿಡಿ ನಾಲ್ಕೈದು ಬೆರಳು ಹಿಡಿಯುವಷ್ಟು ಉದ್ದವಿದ್ದು, ಕವೆಯ ಎರಡು ತುದಿಗಳ ನಡುವೆ 8 ಸೆಂ.ಮೀ. ಅಂತರವಿದ್ದರೆ ಸಾಕು. ತೊಗಟೆ ತೆಗೆದು ಕೆಲವು ವಾರ ನೆರಳಲ್ಲಿ ಒಣಗಿಸಬೇಕು. ತುದಿಯಿಂದ ಒಂದು ಸೆಂ.ಮೀ. ಕೆಳಗೆ ಸುತ್ತಲೂ ಕಿರುಗೀರು ತೆಗೆದು, ಒಂದೂವರೆ ಸೆಂ.ಮೀ. ಅಗಲದ, ಒಂದು ಗೇಣುದ್ದದ ಎರಡು ರಬ್ಬರು ಪಟ್ಟಿಗಳನ್ನು ಗಟ್ಟಿ ದಾರದಿಂದ ಬಿಗಿಯಬೇಕು. ಪಟ್ಟಿಗಳ ನಡುವಿನ ಚರ್ಮದ ತುಣುಕನ್ನು ಊರಿನ ಚಮ್ಮಾರರಲ್ಲಿ ಕೇಳಿ ಪಡೆಯಬಹುದು. ಆ ಕಾಯಕ ಶರಣ ಹರಳಯ್ಯನವರದೆಂಬುದನ್ನು ಮಕ್ಕಳಿಗೆ ಹೇಳಲು ಇದೊಂದು ಒಳ್ಳೆಯ ಸಂದರ್ಭ.

ಬಿಸಿಲು, ಎಣ್ಣೆಗಳು ರಬ್ಬರಿನ ಶತ್ರುಗಳು. ಪ್ರತಿಸಲ ಆಡುವ ಮುನ್ನ ಗಂಟಿನ ಬಳಿ ಬಿರುಕಿದೆಯೇ ಎಂದು ನೋಡಬೇಕು. ತುಂಡಾದ ರಬ್ಬರು ಎಳೆದವರ ಮುಖಕ್ಕೇ ಬಡಿಯುತ್ತದೆ. ಆದ್ದರಿಂದ ಕಣ್ಣಿಗೆ ಗಟ್ಟಿ ಪ್ಲಾಸ್ಟಿಕ್ಕಿನ ರಕ್ಷಕ ಕನ್ನಡಕ ಕಡ್ಡಾಯ. ಇದು ಹೊಡೆಯುವವರಿಗೂ, ನೋಡುತ್ತ ನಿಂತವರಿಗೂ ಸಲ್ಲುವ ನಿಯಮ.

ಗುಂಡಿನ ವಿಚಾರದಲ್ಲಿಯೂ ವಿವೇಕ ಬೇಕು. ಅಂಗಡಿಯಲ್ಲಿ ಸಿಗುವ 9.5 ಮಿ.ಮೀ. ಉಕ್ಕಿನ ಗುಂಡು ಸುಮಾರು ಮೂರೂವರೆ ಗ್ರಾಂ ತೂಗುತ್ತದೆ. ನುರಿತವರ ಕೈಯಲ್ಲಿ ಅದು ಸೆಕೆಂಡಿಗೆ 60 ಮೀಟರ್, ಅಂದರೆ ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗ ಪಡೆಯಬಲ್ಲುದು. ಅದು ಆಟಿಕೆಯಲ್ಲ. ಮನೆಮಂದಿಗೆ ಜೇಡಿಮಣ್ಣಿನ ಗುಂಡೇ ಲೇಸು. ಕೆರೆಯ ಜೇಡಿಯನ್ನು ನಾದಿ, ಕಡಲೆಕಾಳಿಗಿಂತ ತುಸು ದೊಡ್ಡದಾಗಿ ಉಂಡೆಗಟ್ಟಿ, ಎರಡು ಮೂರು ದಿನ ನೆರಳಲ್ಲಿ ಒಣಗಿಸಿದರೆ ಸಾಕು. ಅದು ತಗಡಿಗೆ ತಾಗಿದೊಡನೆ ಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಉಂಡೆ ಕಟ್ಟುವುದರಲ್ಲಿ ಅಜ್ಜಿಯಂದಿರನ್ನು ಮೀರಿಸುವವರಿಲ್ಲ. ಆಟ ಅಲ್ಲಿಂದಲೇ ಮೊದಲಾಗುತ್ತದೆ.

ಎಳೆದದ್ದನ್ನು ಇಳಿಸುವ ವಿದ್ಯೆ

ಹಳೆಯ ರಟ್ಟಿನ ಪೆಟ್ಟಿಗೆಯ ಬಾಯಿಯನ್ನು ಮುಂದಕ್ಕೆ ಮಾಡಿ, ಅದರೊಳಗೆ ಹಿಂದುಗಡೆ ದಪ್ಪ ಹತ್ತಿಬಟ್ಟೆಯನ್ನು ಸಡಿಲವಾಗಿ ಇಳಿಬಿಟ್ಟು, ಅದರ ಮುಂದೆ ಡಬ್ಬಿಯ ಮುಚ್ಚಳವೊಂದನ್ನು ತೂಗುಹಾಕಬೇಕು. ತಪ್ಪಿದ ಗುಂಡನ್ನು ಬಟ್ಟೆ ಹಿಡಿದುಕೊಳ್ಳುತ್ತದೆ. ಮೊದಲು 5 ಮೀಟರಿನಿಂದ ಆರಂಭಿಸಿ, ಕೈ ಪಳಗಿದಂತೆ 10 ಮೀಟರಿಗೆ ಹೋಗಬಹುದು. ಗಾಜಿನ ಸೀಸೆಯನ್ನು ಎಂದೂ ಗುರಿಯಾಗಿಡಬಾರದು.

ಪ್ರತಿಸಲವೂ ಒಂದೇ ಅಳತೆಗೆ ಎಳೆಯುವುದು ಗುರಿಕಾರಿಕೆಯ ಗುಟ್ಟು. ಎಳೆತ ಇಮ್ಮಡಿಯಾದರೆ ಸಂಚಯವಾಗುವ ಶಕ್ತಿ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ. ಸೆಕೆಂಡಿಗೆ 30 ಮೀಟರ್ ವೇಗದ ಗುಂಡು 10 ಮೀಟರ್ ಸಾಗುವಷ್ಟರಲ್ಲಿ ಸುಮಾರು ಅರ್ಧ ಮೀಟರ್ ಕೆಳಗಿಳಿಯುತ್ತದೆ. ಶಾಲೆಯ ಪುಸ್ತಕದಲ್ಲಿ ಓದಿ ಮರೆತ ಗುರುತ್ವಾಕರ್ಷಣೆ ಮಗುವಿಗೆ ಇಲ್ಲಿ ಕಣ್ಣಾರೆ ಕಾಣುತ್ತದೆ.

ಆದರೆ ಹೊಡೆಯುವುದಕ್ಕಿಂತ ಮೊದಲು ಕಲಿಯಬೇಕಾದುದು ಇನ್ನೊಂದಿದೆ. ಗುಂಡಿಟ್ಟು, ಪೂರ್ಣ ಎಳೆದು, ಗುರಿ ಹಿಡಿದು, ಅನಂತರ ಬಿಡದೆಯೇ ಕೈಯನ್ನು ನಿಧಾನವಾಗಿ ಮುಂದಕ್ಕೆ ತಂದು ರಬ್ಬರನ್ನು ಇಳಿಸುವುದು. ಇದು ಬಿಡುವುದಕ್ಕಿಂತ ಕಷ್ಟ. ಎಳೆದ ಕೈ ಬಿಡಲು ಹಾತೊರೆಯುತ್ತದೆ. ‘ನಿಲ್ಲು’ ಎಂದು ಯಾರೇ ಕೂಗಿದರೂ, ಕಿರಿಯ ಮಗುವೇ ಕೂಗಿದರೂ, ಬಿಲ್ಲು ಇಳಿಯಬೇಕು. ಹತ್ತು ಸಲ ಹೀಗೆ ಇಳಿಸಬಲ್ಲ ಮಗುವಿಗೆ ಮಾತ್ರ ಮೊದಲ ಗುಂಡನ್ನು ಬಿಡುವ ಅಧಿಕಾರ ಎಂದು ಮನೆಯಲ್ಲಿ ನೇಮ ಮಾಡಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಸಿಟ್ಟಿನಲ್ಲಿ ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಳ್ಳುವ ಶಕ್ತಿಯೂ ಇದೇ ಜಾತಿಯದು. ಅದು ಮಕ್ಕಳಿಗಿಂತ ಹಿರಿಯರಿಗೇ ಹೆಚ್ಚು ಬೇಕಾದ ವಿದ್ಯೆ.

ಮನೆಯ ಕಟ್ಟಳೆ

ಬಿಲ್ಲುಗಳು ಹಿರಿಯರ ವಶದಲ್ಲಿರಲಿ. ಹಿರಿಯರೊಬ್ಬರು ನಿಂತಿರದೆ ಆಟ ಬೇಡ. ಹೊಡೆಯುವವರ ಗೆರೆಯನ್ನು ದಾಟಿ ಯಾರೂ ಮುಂದೆ ಹೋಗಬಾರದು. ಗಂಡುಮಕ್ಕಳಿಗೆ ಬಿಲ್ಲು, ಹೆಣ್ಣುಮಕ್ಕಳಿಗೆ ಉಂಡೆ ಎಂಬ ಭೇದ ಬೇಡ. ಹೆಣ್ಣು ಗಂಡೆಂಬ ತರತಮವನ್ನು ಅಳಿಸಿದ ಅನುಭವ ಮಂಟಪದ ವಾರಸುದಾರರು ನಾವು.

ಕೆಲವರು ಬೀಜದುಂಡೆಗಳನ್ನು ಬಿಲ್ಲಿನಿಂದ ಬೆಟ್ಟಕ್ಕೆ ಬೀರುವ ಉತ್ಸಾಹ ತೋರುತ್ತಾರೆ. ಜಪಾನಿನ ಕೃಷಿಋಷಿ ಮಸನೊಬು ಫುಕುವೊಕಾ ಜನಪ್ರಿಯಗೊಳಿಸಿದ ಈ ವಿಧಾನ ಒಳ್ಳೆಯದೇ. ಆದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಈ ನೆಲದ್ದೇ ಆದ ಬೀಜಗಳನ್ನು ಮಳೆಗಾಲದ ಮೊದಲಲ್ಲಿ ಮಾತ್ರ ಹಾಕಬೇಕು. ಮೊಳೆತವುಗಳಲ್ಲಿ ಉಳಿಯುವವು ಕೆಲವೇ. ಸ್ವಂತ ಹೊಲದ ಬದುವಿನಲ್ಲಿ ನೆಟ್ಟು ನೀರೆರೆದ ಒಂದು ಹೊಂಗೆಯ ಸಸಿ ನೂರು ಉಂಡೆಗಳಿಗೆ ಸಮವೆಂಬುದು ನಮ್ಮ ಅಭಿಪ್ರಾಯ.

ಕೊನೆಯದಾಗಿ, ಅಂಕಗಳ ಲೆಕ್ಕಕ್ಕೆ ಒಂದು ಸಲಹೆ. ಗುರಿ ತಪ್ಪಿದವರು ತಪ್ಪಿದ ಪ್ರತಿ ಏಟಿಗೆ ಒಂದು ಚಿಟಿಕೆ ರಾಗಿಯನ್ನು ಬಟ್ಟಲಿಗೆ ಹಾಕಲಿ. ಸಂಜೆ ಆ ಬಟ್ಟಲನ್ನೂ, ಒಂದು ಮಣ್ಣಿನ ತಟ್ಟೆಯಲ್ಲಿ ನೀರನ್ನೂ ಹಿತ್ತಿಲಿನಲ್ಲಿ ಹಕ್ಕಿಗಳಿಗಾಗಿ ಇಡಲಿ. ದಾಸೋಹಕ್ಕೆ ಹೆಸರಾದ ಸಿದ್ಧಗಂಗೆ ನಮ್ಮ ಶಿವಗಂಗೆಗೆ ದೂರದ್ದಲ್ಲ; ಆ ಮಹಾದಾಸೋಹದ ಒಂದು ಕಿರುಹನಿ ನಮ್ಮ ಹಿತ್ತಿಲಲ್ಲಿಯೂ ಬೀಳಲಿ. ಬಿಲ್ಲು ಹಿಡಿದ ಮನೆಯ ಅಂಗಳಕ್ಕೆ ಗುಬ್ಬಿಗಳು ಅಂಜದೆ ಇಳಿದು ಬಂದರೆ, ಆ ಮನೆಯವರು ಗುರಿ ಮುಟ್ಟಿದರೆಂದೇ ತಿಳಿಯಬೇಕು.